ಭರತಿ ಬಂದಾಗ ಗಟಾರದ ನೀರು ಎಲ್ಲಿಗೆ ಹೋಗಬೇಕು?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಸಿವಿಲ್ ಎಂಜಿನಿಯರ್ ಒಬ್ಬರ ಉತ್ತರ

ಪ್ರಶ್ನೆ: ಕಾರವಾರದಲ್ಲಿ ಎರಡೂವರೆ ಎಕರೆಯ ನಮ್ಮ ಬಡಾವಣೆಯಲ್ಲಿ ನಲವತ್ತು ಮನೆಗಳಿವೆ. ಜುಲೈ ತಿಂಗಳ ಜೋರು ಮಳೆಗೆ ಕೊನೆಯ ಅಡ್ಡರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಕೆಲವು ದಿನ ಅಷ್ಟೇ ಮಳೆ ಬಂದರೂ ನಿಲ್ಲುವುದಿಲ್ಲ, ಏಕೆಂದು ತಿಳಿಯದು. ಗಟಾರವನ್ನು ಎರಡರಷ್ಟು ಅಗಲ ಮಾಡಿ ಕಾಂಕ್ರೀಟ್ ಹಾಕಿಸಲು ಮನೆಮನೆಯಿಂದ ವಂತಿಗೆ ಎತ್ತುತ್ತಿದ್ದೇವೆ. ಸರಿಯೇ? — ನಿವಾಸಿಗಳ ಸಂಘದ ಕಾರ್ಯದರ್ಶಿ

ಉತ್ತರ: ವಂತಿಗೆ ಎತ್ತಿ, ಆದರೆ ಆ ಹಣವನ್ನು ಗಟಾರ ಅಗಲ ಮಾಡಲು ಸುರಿಯಬೇಡಿ. ನಿಮಗೆ ತಿಳಿಯದು ಎಂದಿರುವಲ್ಲೇ ಉತ್ತರವಿದೆ. ನೀರು ನಿಂತ ದಿನಗಳನ್ನು ಪಂಚಾಂಗದೊಂದಿಗೆ ಇಟ್ಟು ನೋಡಿ. ಬಹಳಷ್ಟು ದಿನಗಳು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನವೇ ಆಗಿದ್ದರೆ ನಿಮ್ಮ ತೊಂದರೆ ಗಟಾರದ ಅಗಲದ್ದಲ್ಲ, ಅದರ ಬಾಯಿಯದ್ದು. ಆ ದಿನಗಳಲ್ಲಿ ಭರತಿ, ಅಂದರೆ ಸಮುದ್ರದ ಉಬ್ಬರ, ಹೆಚ್ಚು ಎತ್ತರಕ್ಕೆ ಬರುತ್ತದೆ. ಗಟಾರ ಹೋಗಿ ಸೇರುವ ಕೋಡಿಯಲ್ಲಿ (ಸಮುದ್ರ ಸೇರುವ ಹಳ್ಳದಲ್ಲಿ) ಭರತಿಯ ನೀರು ಏರಿದಾಗ ಮೇಲಿನಿಂದ ಬಂದ ನೀರಿಗೆ ಹೊರಹೋಗಲು ಜಾಗವೇ ಇರುವುದಿಲ್ಲ. ಒಂದು ಭರತಿಯಿಂದ ಮುಂದಿನ ಭರತಿಗೆ ಸುಮಾರು ಹನ್ನೆರಡೂವರೆ ತಾಸು. ಪೂರ್ತಿ ಇಳಿಯಲು ಆರು ತಾಸಿಗಿಂತ ತುಸು ಹೆಚ್ಚು ಬೇಕು. ಮಳೆ ಈ ಲೆಕ್ಕ ನೋಡಿಕೊಂಡು ಬರುವುದಿಲ್ಲ. ಇಂಥಲ್ಲಿ ಗಟಾರ ಅಗಲ ಮಾಡಿದರೆ ಸಮುದ್ರ ಒಳಗೆ ಬರಲು ಹೆದ್ದಾರಿ ಮಾಡಿಕೊಟ್ಟಂತೆ. ಗುತ್ತಿಗೆದಾರರು ಸಿಟ್ಟಾಗಲಿ, ಇದನ್ನು ಹೇಳಲೇಬೇಕು.

ಹಾಗಾಗಿ ಭರತಿ ಇಳಿಯುವವರೆಗೆ ನೀರನ್ನು ಬಡಾವಣೆಯೊಳಗೇ ನಿಲ್ಲಿಸಿಕೊಳ್ಳಬೇಕು. ರಸ್ತೆಯಲ್ಲಿ ಅಲ್ಲ, ನಾವು ಗೊತ್ತುಮಾಡಿದ ಜಾಗದಲ್ಲಿ. ಎಷ್ಟು ನೀರು? ನೂರು ಚದರ ಮೀಟರಿನ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಗಟಾರದ ಬಾಯಿ ಮುಚ್ಚಿದ ಹೊತ್ತಿನಲ್ಲಿ 50 ಮಿಲಿಮೀಟರ್ ಸುರಿಯಿತು ಎಂದುಕೊಳ್ಳಿ. ನಮ್ಮ ಕರಾವಳಿಯಲ್ಲಿ ಅದು ದೊಡ್ಡ ಮಾತಲ್ಲ. ಆಗ ನಲವತ್ತು ಚಾವಣಿಗಳಿಂದಲೇ ಎರಡು ಲಕ್ಷ ಲೀಟರ್. ರಸ್ತೆ, ಅಂಗಳ ಎಲ್ಲ ಸೇರಿಸಿ, ಒಂದು ಹನಿಯೂ ಇಂಗದೆ ಹರಿದರೆ ಎರಡೂವರೆ ಎಕರೆಗೆ ಐದು ಲಕ್ಷ.

ಈಗ ನಿಮ್ಮ ಉದ್ಯಾನದತ್ತ ಬನ್ನಿ. ಹತ್ತು ಗುಂಟೆ ಇದೆ ಎಂದು ಇಟ್ಟುಕೊಳ್ಳೋಣ. ಎಲ್ಲ ಬಡಾವಣೆಗಳಲ್ಲೂ ಮಾಡುವ ಹಾಗೆ ಅದಕ್ಕೂ ಕೆಂಪು ಮಣ್ಣು ತುಂಬಿ, ರಸ್ತೆಗಿಂತ ಎತ್ತರ ಮಾಡಿ, ಸುತ್ತ ಗೋಡೆ ಕಟ್ಟಿ, ನಡುವೆ ಒಂದು ಕಾರಂಜಿ ಇಟ್ಟಿರುತ್ತಾರೆ. ಕಾರಂಜಿ ಉದ್ಘಾಟನೆಯ ದಿನ ಮಾತ್ರ ಚಿಮ್ಮಿರುತ್ತದೆ, ಅದು ಬೇರೆ ಮಾತು. ಆ ಮಣ್ಣನ್ನು ತೆಗೆಸಿ ರಸ್ತೆಯ ಮಟ್ಟಕ್ಕಿಂತ ಒಂದು ಅಡಿ ತಗ್ಗಿಸಿದರೆ ಮೂರು ಲಕ್ಷ ಲೀಟರ್ ನೀರು ಅಲ್ಲಿ ನಿಲ್ಲುತ್ತದೆ. ಗೋಡೆಯಲ್ಲಿ ರಸ್ತೆಯ ಮಟ್ಟಕ್ಕೆ ಕಿಂಡಿಗಳನ್ನು ಬಿಡಿಸಿ, ಕಿಂಡಿಯ ಒಳಬದಿಗೆ ಮಣ್ಣು ಕೊಚ್ಚಿಹೋಗದಂತೆ ಚಿರೇಕಲ್ಲಿನ ಚೂರು ಹಾಸಿಸಿ. ಮಕ್ಕಳು ಆಡುವ ಜಾಗ ಒಂದು ಮೂಲೆಯಲ್ಲಿ ಎತ್ತರದಲ್ಲೇ ಇರಲಿ. ಉಳಿದ ನೀರಿಗೆ ರಸ್ತೆಯ ಒಂದು ಬದಿಯಲ್ಲಿ ಕಾಂಕ್ರೀಟ್ ಗಟಾರದ ಬದಲು ಅಗಲವಾದ, ಆಳವಿಲ್ಲದ ಹುಲ್ಲಿನ ತಗ್ಗು ಮಾಡಿ ಲಾವಂಚ ನೆಡಿ. ಬಚ್ಚಲಿನ ನೀರಿನ ಪೈಪು ಇವುಗಳಿಗೆ ಸೇರಲೇಕೂಡದು. ಒಂದು ಮನೆಯವರು ಸೇರಿಸಿದರೂ ಇಡೀ ಬಡಾವಣೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.

ಕೈ ಹಾಕುವ ಮೊದಲು ಅಕ್ಕಪಕ್ಕದ ಬಾವಿಗಳಲ್ಲಿ ಜುಲೈ ತಿಂಗಳ ನೀರಿನ ಮಟ್ಟ ನೋಡಿ. ನಮ್ಮ ಮನೆಯ ಬಾವಿಯಲ್ಲಿ ಆಗ ಬಗ್ಗಿ ಚೊಂಬಿನಲ್ಲೇ ಮೊಗೆಯಬಹುದು. ಅಂಥ ಕಡೆ ಉದ್ಯಾನ ತಗ್ಗಿಸಿದರೆ ಮಳೆಗೆ ಮೊದಲೇ ಕೆಳಗಿನಿಂದ ನೀರು ತುಂಬಿಕೊಂಡಿರುತ್ತದೆ, ಇಂಗುಗುಂಡಿಯಂತೂ ದಂಡ. ಬಾವಿಯ ನೀರು ನೆಲದಿಂದ ನಾಲ್ಕು ಅಡಿ ಕೆಳಗಿದ್ದರೆ ಧೈರ್ಯವಾಗಿ ಮಾಡಿ.

ಇನ್ನು ಗಟಾರದ ಬಾಯಿ. ಅಲ್ಲಿ ಒಮ್ಮುಖ ಕವಾಟ ಕೂರಿಸಬೇಕು. ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ಹೊರಗಿನ ನೀರು ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಇದು ಪರದೇಶದ ವಿದ್ಯೆಯೇನಲ್ಲ. ಅಘನಾಶಿನಿ ನದಿಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಕಗ್ಗ ಎಂಬ ಭತ್ತ ಬೆಳೆಯುವವರು ಕಟ್ಟೆಯ ತೂಬುಗಳಿಗೆ ಹಲಗೆ ಹಾಕಿ ತೆಗೆದು ಉಪ್ಪುನೀರನ್ನು ಅಂಕೆಯಲ್ಲಿಟ್ಟುಕೊಂಡು ಬಂದಿದ್ದಾರೆ. ಕವಾಟದಲ್ಲಿ ಪ್ಲಾಸ್ಟಿಕ್ ಚೀಲವೋ ತೆಂಗಿನ ಚಿಪ್ಪೋ ಸಿಕ್ಕಿಕೊಂಡರೆ ಅದು ಇದ್ದೂ ಇಲ್ಲದಂತೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಯಾರು ಹೋಗಿ ನೋಡುತ್ತಾರೆ ಎಂಬುದನ್ನು ಹಣ ಕಟ್ಟುವ ಮೊದಲೇ ಸಭೆಯಲ್ಲಿ ಹೆಸರು ಹಿಡಿದು ಗೊತ್ತುಮಾಡಿ. ಭರತಿಯ ವೇಳೆ ಬೇಕಾದರೆ ಬೈತಖೋಲದ ಮೀನುಗಾರರನ್ನು ಕೇಳಿ.

ಪ್ರಶ್ನೆ: ಹೀಗೆ ನೀರು ನಿಲ್ಲಿಸಿದರೆ ಸೊಳ್ಳೆ ಆಗುವುದಿಲ್ಲವೇ? — ಅದೇ ಬಡಾವಣೆಯ ಗೃಹಿಣಿ (ಅದೇ ಲಕೋಟೆಯಲ್ಲಿ, ಬೇರೆ ಚೀಟಿಯಲ್ಲಿ)

ಉತ್ತರ: ಕಾರ್ಯದರ್ಶಿಯವರಿಗೆ ಹೊಳೆಯದ ಪ್ರಶ್ನೆ! ಮೊಟ್ಟೆ ಸೊಳ್ಳೆಯಾಗಿ ಹಾರಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ತಗ್ಗು ಎರಡು ದಿನದೊಳಗೆ ಬರಿದಾಗುವಂತಿದ್ದರೆ ಭಯವಿಲ್ಲ. ಮಳೆ ಬಿಟ್ಟು ಮೂರನೆಯ ದಿನವೂ ನೀರು ಉಳಿದರೆ ತಳದ ಇಳಿಜಾರು ಕೆಟ್ಟಿದೆ ಎಂದರ್ಥ, ಸರಿಪಡಿಸಲು ಹೇಳಿ. ಅಷ್ಟರೊಳಗೆ ಹಿತ್ತಲಿನ ಹಳೆಯ ಟೈರು, ಹೂಕುಂಡದ ಅಡಿಯ ತಟ್ಟೆಗಳನ್ನೂ ನೋಡಿಬಿಡಿ.

ಪ್ರಶ್ನೆ: ಶಿರಸಿಯ ಹೊರವಲಯದಲ್ಲಿ ಗುಡ್ಡ ಕಡಿದು ಮನೆ ಕಟ್ಟಿದ್ದೇವೆ. ಹಿಂದೆ ಎತ್ತರದ ಧರೆ, ಅಂದರೆ ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಮಣ್ಣು. ಧರೆಯ ಮೇಲೆ ಸಾಲಾಗಿ ಇಂಗುಗುಂಡಿ ತೋಡಿಸಿದರೆ ಅಂಗಳಕ್ಕೆ ಬರುವ ನೀರೂ ತಪ್ಪುತ್ತದೆ, ಬೇಸಿಗೆಗೆ ಬಾವಿಯೂ ತುಂಬುತ್ತದೆ ಅಲ್ಲವೇ?

ಉತ್ತರ: ಬೇಡ. ದಯವಿಟ್ಟು ಬೇಡ. ನಮ್ಮ ಕಡೆ ಗುಡ್ಡಗಳ ಮೇಲ್ಪದರದ ಜಂಬಿಟ್ಟಿಗೆ ನೀರನ್ನು ಸರಾಗ ಒಳಗೆ ಬಿಡುತ್ತದೆ. ಅದರಡಿ ಎಷ್ಟೋ ಕಡೆ ಶೇಡಿ ಮಣ್ಣಿದೆ. ಒಣಗಿದ್ದಾಗ ಗಟ್ಟಿಯಾಗಿ ಕಾಣುವ ಈ ಮಣ್ಣು ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಬುಡ ಕಡಿದ ಗುಡ್ಡದ ನೆತ್ತಿಯಲ್ಲಿ ಗುಂಡಿ ತೋಡುವುದೆಂದರೆ ಆ ಪದರಕ್ಕೆ ನೇರ ನೀರು ಹನಿಸಿದಂತೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಮಳೆಗೆ ಗುಡ್ಡ ಕುಸಿದು ಜನ ಸತ್ತಿದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಧರೆಯ ಅಂಚಿನಿಂದ ಸಾಕಷ್ಟು ಹಿಂದಕ್ಕೆ ತಳ ಗಟ್ಟಿ ಮಾಡಿದ ಕಾಲುವೆ ತೆಗೆಸಿ, ನೀರನ್ನು ಪಕ್ಕಕ್ಕೆ ತಿರುಗಿಸಿ ಹಳ್ಳಕ್ಕೆ ಬಿಡಿ. ಮೇಲೆ ನೆಲ ಸೀಳಿದ ಗೆರೆ ಕಂಡರೆ, ಬುಡದಲ್ಲಿ ಹೊಸದಾಗಿ ಕೆಸರುನೀರು ಒಸರಿದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಇಂಗಿಸುವ ಆಸೆ ಇದ್ದರೆ ಚಾವಣಿಯ ನೀರನ್ನು ಮನೆಯ ಮುಂದೆ, ಇಳಿಜಾರು ಮುಗಿದು ಸಮತಟ್ಟಾದಲ್ಲಿ ಇಂಗಿಸಿ. ಅಲ್ಲಿಂದ ಕೆಳಗೆ ಇನ್ನೊಬ್ಬರ ಧರೆ ಇಲ್ಲವೆಂದು ನೋಡಿಕೊಂಡ ಮೇಲೆ.

ಪ್ರಶ್ನೆ: ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದರೆ ನೀರು ಇಂಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ? — ಕುಮಟಾದ ಓದುಗರು

ಉತ್ತರ: ಇಟ್ಟಿಗೆಯಲ್ಲಿ ಏನೂ ಇಲ್ಲ, ಅದರಡಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಕಾಂಕ್ರೀಟ್ ಮೇಲೆ ಕೂರಿಸಿ ಸಂದಿಗೆ ಸಿಮೆಂಟ್ ತುಂಬಿದರೆ ಹನಿಯೂ ಇಂಗದು. ಜಲ್ಲಿಯ ಹಾಸಿನ ಮೇಲೆ, ಸಂದಿಯಲ್ಲಿ ಸಣ್ಣ ಜಲ್ಲಿ ತುಂಬಿ ಕೂರಿಸಿದರೆ ಚೆನ್ನಾಗಿ ಇಂಗುತ್ತದೆ. ಆದರೆ ಕೆಂಪು ಮಣ್ಣಿನ ಹೂಳು ಸಂದಿಗಳನ್ನು ಬೇಗ ಮುಚ್ಚಿಬಿಡುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಕೆರೆದು ತೆಗೆದು ಹೊಸ ಜಲ್ಲಿ ತುಂಬಿಸಬೇಕು. ಅಷ್ಟು ಪುರಸೊತ್ತಿಲ್ಲದಿದ್ದರೆ ಎರಡು ಗಾಲಿ ಹೋಗುವಷ್ಟು ಅಗಲಕ್ಕೆ ಕಲ್ಲು ಹಾಸಿಸಿ, ಉಳಿದ ಅಂಗಳವನ್ನು ಹುಲ್ಲಿಗೆ ಬಿಡಿ.