ಅಜ್ಜಿಯ ಮೊಣಕಾಲು ನೋಡಿ ಪ್ಲ್ಯಾನ್ ಹಾಕಿ

ಪ್ರಶ್ನೆ: ನಾವು ಅಣ್ಣತಮ್ಮಂದಿರ ನಾಲ್ಕು ಮನೆಯವರು ಸೇರಿ 17 ಜನ ಡಿಸೆಂಬರ್ ರಜೆಯಲ್ಲಿ ಪ್ರವಾಸ ಹೊರಡಬೇಕೆಂದಿದ್ದೇವೆ. ಅಮ್ಮನಿಗೆ 78 ವರ್ಷ, ತಮ್ಮನ ಮಗಳಿಗೆ 6. ಮೈಸೂರಿನಿಂದಲೇ ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಹಂಪಿ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಕೂಡಲಸಂಗಮ, ಆಲಮಟ್ಟಿ, ವಿಜಯಪುರ ಎಲ್ಲವನ್ನೂ ಮೂರು ದಿನದಲ್ಲಿ ಮುಗಿಸಬಹುದು ಅಂತ ತಮ್ಮ ಹೇಳುತ್ತಾನೆ. ಆಗುತ್ತಾ ಮೇಡಂ? ಖರ್ಚು ಹಂಚಿಕೊಳ್ಳುವುದು ಹೇಗೆ? ಹೋದ ಸಲ ದುಡ್ಡಿನ ವಿಷಯಕ್ಕೇ ಮನಸ್ತಾಪವಾಗಿತ್ತು.
— ಒಬ್ಬ ಓದುಗರು, ಮೈಸೂರು

ಉತ್ತರ: ಮೂರು ದಿನದಲ್ಲಿ ಆಗುವುದಿಲ್ಲ. ಗಾಡಿ ಎಲ್ಲ ಊರಿಗೂ ಹೋಗಿ ಬರಬಹುದು, ಆದರೆ ನಿಮ್ಮ ಅಮ್ಮ ಗಾಡಿಯ ಕಿಟಕಿ ಬಿಟ್ಟು ಬೇರೇನೂ ನೋಡಿರುವುದಿಲ್ಲ.

ನಾನು ಬಾಗಲಕೋಟೆ ಜಿಲ್ಲೆಯವಳು. ಟೀಚರ್ ಆಗಿದ್ದಾಗ ಶಾಲೆಯ ಮಕ್ಕಳನ್ನೂ, ಆಮೇಲೆ ನೆಂಟರಿಷ್ಟರನ್ನೂ ಈ ದಾರಿಯಲ್ಲಿ ಕರೆದುಕೊಂಡು ಓಡಾಡಿದ್ದೇನೆ. ಮೊದಲು ಒಂದು ಮಾತು ಕೇಳುತ್ತೇನೆ. ಅಮ್ಮನಿಗೆ ಯಾವುದನ್ನು ನೋಡಬೇಕಂತೆ, ಕೇಳಿದ್ದೀರಾ? ಪಟ್ಟಿ ಪೂರ್ತಿ ನಿಮ್ಮ ತಮ್ಮನದೇ ಇದ್ದ ಹಾಗಿದೆ. ಅಮ್ಮನಿಗೆ ಕೂಡಲಸಂಗಮದ ಮೇಲೆ ಮನಸ್ಸಿದ್ದರೆ ಐಹೊಳೆಯನ್ನು ಬಿಟ್ಟು ಅಲ್ಲಿಗೆ ಹೋಗಿ. ವಿಜಯಪುರ, ಆಲಮಟ್ಟಿ ಈ ಸಲ ಬೇಡವೇ ಬೇಡ. ಗೋಳಗುಮ್ಮಟಕ್ಕೆ ಅಂತಲೇ ಇನ್ನೊಮ್ಮೆ ಬನ್ನಿ.

ಮೈಸೂರಿನಿಂದ ಹಂಪಿಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಕಾಫಿ, ತಿಂಡಿ, ಮಕ್ಕಳ ವಾಂತಿ ಅಂತ ನಿಲ್ಲುತ್ತಾ ಹೋದರೆ ಇಡೀ ಹಗಲು ಅದಕ್ಕೇ ಮುಗಿಯುತ್ತದೆ. ರೈಲಿನಲ್ಲಿ ಹೋಗಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಬರುವಾಗ ಬಾದಾಮಿಯಿಂದಲೇ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯಿರಿ. ಅದೂ ರಾತ್ರಿ ಪ್ರಯಾಣ. ನಡುವಿನ ಓಡಾಟಕ್ಕೆ ಮಾತ್ರ ಹೊಸಪೇಟೆಯಲ್ಲಿ ಗಾಡಿ ಮಾಡಿ. ಬಾದಾಮಿಯಿಂದ ಖಾಲಿ ಗಾಡಿ ವಾಪಸ್ ಹೋಗುವ ಬಾಡಿಗೆಯನ್ನೂ ಕೇಳುತ್ತಾರೆ, ಕೊಡಿ. ಮೈಸೂರಿನಿಂದ ಮೈಸೂರಿಗೆ ಕಿಲೋಮೀಟರ್ ಲೆಕ್ಕ, ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಕನಿಷ್ಠ ಬಾಡಿಗೆ, ರಾತ್ರಿ ನಿಂತರೂ ಡ್ರೈವರ್ ಬಾಟಾ, ಇವೆಲ್ಲ ಉಳಿಯುತ್ತವಲ್ಲ. 17 ಜನಕ್ಕೆ 17 ಸೀಟಿನ ಟಿಟಿ ಸಾಲದು. ಬ್ಯಾಗ್‌ಗಳು ತೊಡೆಯ ಮೇಲೆ ಬರುತ್ತವೆ. ಮಿನಿ ಬಸ್ಸನ್ನೇ ಹೇಳಿ. ಹಳದಿ ಬೋರ್ಡ್ ಗಾಡಿಯೇ ಇರಲಿ.

ಈಗ ರೈಲು ಟಿಕೆಟ್ ಕಾಯ್ದಿರಿಸಲು 60 ದಿನ ಮೊದಲು ಮಾತ್ರ ಅವಕಾಶ. ಆನ್‌ಲೈನ್‌ನಲ್ಲಿ ಒಂದು ಟಿಕೆಟ್‌ಗೆ 6 ಜನ. ಹಾಗಂತ ಅಮ್ಮನ ಹೆಸರನ್ನು ಮೊಮ್ಮಕ್ಕಳ ಜೊತೆ ಸೇರಿಸಬೇಡಿ. 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ ಕೆಳಗಿನ ಬರ್ತ್‌ಗೆ ಬೇರೆ ಕೋಟಾ ಇದೆ. ಆದರೆ ಆ ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಇದ್ದರಷ್ಟೇ ಅದು ಸಿಗುವುದು. ಅಮ್ಮನಿಗೂ ನಿಮ್ಮ ಮನೆಯ ಹಿರಿಯ ಹೆಂಗಸೊಬ್ಬರಿಗೂ ಸೇರಿಸಿ ಬೇರೆಯೇ ಟಿಕೆಟ್ ತೆಗೆಯಿರಿ. ತುಂಬಾ ಜನ ಇಲ್ಲೇ ಎಡವುತ್ತಾರೆ. ಆಮೇಲೆ ರಾತ್ರಿ ರೈಲಿನಲ್ಲಿ ಸಿಕ್ಕಸಿಕ್ಕವರಿಗೆ ಕೈ ಮುಗಿದು ಬರ್ತ್ ಬದಲಾಯಿಸಿಕೊಳ್ಳಬೇಕಾಗುತ್ತದೆ.

ನಾಲ್ಕು ಹಗಲು ಇಟ್ಟುಕೊಳ್ಳಿ. ಮೊದಲ ದಿನ ಸ್ನಾನ, ತಿಂಡಿ, ಒಂದು ನಿದ್ದೆ. ಸಂಜೆ ವಿರೂಪಾಕ್ಷನ ದರ್ಶನ. ಅಷ್ಟು ಸಾಕು. ಎರಡನೇ ದಿನ ಬೆಳಿಗ್ಗೆ ಬೇಗ ವಿಜಯ ವಿಠ್ಠಲ ದೇವಸ್ಥಾನ. ಗಾಡಿ ದೂರದಲ್ಲೇ ನಿಲ್ಲಬೇಕು, ಅಲ್ಲಿಂದ ಬ್ಯಾಟರಿ ವಾಹನ. ರಜೆಯಲ್ಲಿ ಹೊತ್ತೇರಿದಂತೆ ಕ್ಯೂ ಬೆಳೆಯುತ್ತದೆ. ವಿಠ್ಠಲ ದೇವಸ್ಥಾನದ ಟಿಕೆಟ್ ಅದೇ ದಿನ ಕಮಲ ಮಹಲ್, ಆನೆ ಲಾಯಗಳಿಗೂ ನಡೆಯುತ್ತದೆ. ಹಾಗಾಗಿ ಇವನ್ನು ಎರಡು ದಿನಕ್ಕೆ ಹಂಚಬೇಡಿ, ಟಿಕೆಟ್ ಬಿಸಾಡಲೂ ಬೇಡಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ಮೂರನೇ ದಿನ ಕುಷ್ಟಗಿ, ಇಳಕಲ್, ಅಮೀನಗಡದ ಮೇಲೆ ಐಹೊಳೆಗೆ ಬಂದು, ಪಟ್ಟದಕಲ್ಲು ನೋಡಿಕೊಂಡು ರಾತ್ರಿ ಬಾದಾಮಿಯಲ್ಲಿ ಉಳಿಯಿರಿ. ಇಳಕಲ್‌ನಲ್ಲಿ ಸೀರೆಗೆ ಒಂದು ಗಂಟೆ ಬಿಡಿ. ಗಂಡಸರು ಅವಸರ ಮಾಡಬಾರದು, ಅದೂ ಪ್ರವಾಸವೇ. ಅಮೀನಗಡದಲ್ಲಿ ಕರದಂಟು ತಗೊಳ್ಳಿ. ಐಹೊಳೆಯ ಮೇಗುತಿ ಗುಡ್ಡದ ಮೇಲೆ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಶಾಸನ ಇದೆ, ಕ್ರಿ.ಶ. 634ರದು. ಪಿಯುಸಿ, ಡಿಗ್ರಿ ಓದುವ ಹುಡುಗರು ಹತ್ತಿ ಬರಲಿ. ಅಮ್ಮ ಕೆಳಗೆ ದುರ್ಗ ದೇವಾಲಯದ ಹತ್ತಿರ ಇರಲಿ. ಪಟ್ಟದಕಲ್ಲಿನಲ್ಲಿ ಮಾತ್ರ ಅಮ್ಮನನ್ನು ಎಲ್ಲ ಕಡೆ ನಡೆಸಿಕೊಂಡು ಹೋಗಿ. ನೆಲ ಸಮತಟ್ಟು, ದೇವಾಲಯಗಳು ಒಂದರ ಪಕ್ಕ ಒಂದು. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದದ್ದರ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ದೇವಾಲಯ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ಮಲ್ಲಿಕಾರ್ಜುನ. ಇಬ್ಬರೂ ಅಕ್ಕತಂಗಿಯರು. ಇದನ್ನು ಅಮ್ಮನಿಗೆ ಅಲ್ಲೇ ನಿಂತು ಹೇಳಿ, ಖುಷಿಪಡುತ್ತಾರೆ.

ನಾಲ್ಕನೇ ದಿನ ಬಾದಾಮಿ. ಗುಹೆಗಳ ಮೆಟ್ಟಿಲು ಎತ್ತರ. ಮೊದಲನೇ ಗುಹೆ ಎಲ್ಲಕ್ಕಿಂತ ಕೆಳಗಿದೆ, ಹದಿನೆಂಟು ಕೈಗಳ ನಟರಾಜ ಇರುವುದು ಅಲ್ಲೇ. ಅಷ್ಟನ್ನು ನಿಧಾನಕ್ಕೆ ಹತ್ತಿಸಬಹುದು. ನಮ್ಮ ದೊಡ್ಡಮ್ಮ ಅದೂ ಆಗಲ್ಲ ಅಂದು ಅಗಸ್ತ್ಯ ಹೊಂಡದ ಕಟ್ಟೆಯಲ್ಲಿ ಕೂತಳು. ಬಟ್ಟೆ ಒಗೆಯುವ ಹೆಂಗಸರ ಜೊತೆ ಮಾತಿಗಿಳಿದು, ನಾವು ಇಳಿದು ಬರುವಷ್ಟರಲ್ಲಿ ಅವರ ಮನೆಮಂದಿಯ ಸುದ್ದಿಯೆಲ್ಲ ತಿಳಿದುಕೊಂಡಿದ್ದಳು. ಬಾದಾಮಿ ಅಂದರೆ ಅವಳಿಗೆ ಇವತ್ತಿಗೂ ಆ ಹೊಂಡವೇ. 17 ಜನರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕು ಅನ್ನುವ ಹಟ ಬೇಡ. ಒಟ್ಟಿಗೆ ಉಣ್ಣಿ, ಒಟ್ಟಿಗೆ ಪ್ರಯಾಣ ಮಾಡಿ. ನೋಡುವುದು ಅವರವರ ಕಾಲಿನ ಶಕ್ತಿಯಷ್ಟು. ಹಿರಿಯರ ಜೊತೆ ಒಬ್ಬರು ಸರದಿಯ ಮೇಲೆ ಕೂರಲಿ. ಆ ಕೆಲಸ ಪ್ರತಿ ಸಲ ಸೊಸೆಯರ ಪಾಲಿಗೇ ಬರದಂತೆ ನೋಡಿಕೊಳ್ಳಿ.

ರೂಮನ್ನು ಫೋನಿನಲ್ಲಿ ಮಾತಾಡುವಾಗ ಎರಡು ವಿಷಯ ಬಿಡದೆ ಕೇಳಿ. ಕೆಳಗಿನ ಮಹಡಿಯಲ್ಲಿ ಕೊಡುತ್ತಾರಾ? ಕಮೋಡ್ ಇದೆಯಾ?

ಇನ್ನು ದುಡ್ಡು. ಜಗಳ ಬರುವುದು ದೊಡ್ಡ ಖರ್ಚಿಗಲ್ಲ, ಯಾರು ಕೊಟ್ಟರು ಅಂತ ಮರೆತುಹೋದ ಸಣ್ಣ ಖರ್ಚುಗಳಿಗೆ. ಹೊರಡುವ ಮೊದಲೇ ನಾಲ್ಕೂ ಮನೆಯವರು ಮುಂಗಡ ಹಾಕಿ. ಒಬ್ಬರೇ ಖಜಾಂಚಿ. ಗಾಡಿ, ಊಟ, ಪ್ರವೇಶದ ಟಿಕೆಟ್ ಸಾಮಾನ್ಯ ಖರ್ಚು, ತಲೆ ಲೆಕ್ಕದಲ್ಲಿ. ಚಿಕ್ಕ ಮಕ್ಕಳಿಗೆ ಅರ್ಧವೋ ಏನೂ ಬೇಡವೋ ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ. ರೂಮು ಮನೆವಾರು. ಸೀರೆ, ಕರದಂಟು, ಐಸ್‌ಕ್ರೀಮ್ ಅವರವರದು. ರಾತ್ರಿ ಊಟವಾದ ಮೇಲೆ ಅವತ್ತಿನ ಲೆಕ್ಕವನ್ನು ವಾಟ್ಸಾಪ್ ಗುಂಪಿಗೆ ಹಾಕಲೇಬೇಕು. ಊರಿಗೆ ಬಂದ ಮೇಲೆ ಅಂತ ಮುಂದೂಡಿದರೆ ಹೋದ ಸಲದ್ದೇ ಆಗುತ್ತದೆ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಕೊನೇ ಗಳಿಗೆಯಲ್ಲಿ ಯಾರಾದರೊಬ್ಬರು ಬರಲ್ಲ ಅನ್ನುತ್ತಾರೆ. ಅವರ ಪಾಲಿನ ದುಡ್ಡು ಏನು ಮಾಡುವುದು?
— ಓದುಗರೊಬ್ಬರು, ಹಾಸನ

ಉತ್ತರ: ಗಾಡಿಯ ಪಾಲನ್ನು ಹಿಂದಿರುಗಿಸಬೇಕಾಗಿಲ್ಲ. ಒಬ್ಬರು ಕಡಿಮೆಯಾದರೂ ಬಾಡಿಗೆ ಅಷ್ಟೇ ಅಲ್ವಾ? ಊಟದ ದುಡ್ಡು ಕೊಟ್ಟುಬಿಡಿ. ಇದನ್ನು ಮುಂಗಡ ತಗೊಳ್ಳುವ ದಿನವೇ ಎಲ್ಲರಿಗೂ ಹೇಳಿ. ಖಚಿತವಾದ ರೈಲು ಟಿಕೆಟ್ ಇದ್ದರೆ ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರ ಹೆಸರಿಗೆ ಬದಲಾಯಿಸಬಹುದು. ರೈಲು ಹೊರಡುವುದಕ್ಕೆ 24 ಗಂಟೆ ಮೊದಲೇ ರಿಸರ್ವೇಷನ್ ಕೌಂಟರ್‌ಗೆ ಹೋಗಿ ಅರ್ಜಿ ಕೊಡಬೇಕು. ಸಂಬಂಧ ತೋರಿಸುವ ದಾಖಲೆ ಒಯ್ಯಿರಿ. ಸ್ನೇಹಿತರ ಹೆಸರಿಗೆ ಆಗುವುದಿಲ್ಲ.

ಪ್ರಶ್ನೆ: ಬಾದಾಮಿ ಕಡೆ ಊಟಕ್ಕೆ ತೊಂದರೆಯೇ? ನಾವು ಎಂಟು ಜನ ಗೆಳತಿಯರು. ಅಡುಗೆಯವರನ್ನು ಕರೆದೊಯ್ಯಬೇಕೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಖಂಡಿತ ಬೇಡ. ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಬನಶಂಕರಿ ದೇವಸ್ಥಾನದ ಬಳಿ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಅವರ ಹತ್ತಿರ ಉಣ್ಣಿ. ಖಾರ ಆಗದವರು ಮೊಸರು ಜಾಸ್ತಿ ಕೇಳಿ ಹಾಕಿಸಿಕೊಳ್ಳಿ. ಬನದ ಹುಣ್ಣಿಮೆಯ ಜಾತ್ರೆ ಹೊತ್ತಿಗೆ ಹೋಗುವುದಾದರೆ ರೂಮು ತುಂಬಾ ಮುಂಚೆಯೇ ಹಿಡಿಯಬೇಕು. ಗುಹೆಗಳ ಹತ್ತಿರ ಮಾತ್ರ ಕೈಯಲ್ಲಿ ತಿಂಡಿ ಪೊಟ್ಟಣ ಬೇಡ. ಅಲ್ಲಿನ ಕೋತಿಗಳು ಚೀಲಕ್ಕೇ ಕೈ ಹಾಕುತ್ತವೆ. ಬಾಳೆಹಣ್ಣು, ಬಿಸ್ಕತ್ತು ಗಾಡಿಯಲ್ಲೇ ಬಿಟ್ಟು ಇಳಿಯಿರಿ.