ಪ್ರತಿಕ್ರಿಯೆ: ಝಂಸ್ಕಾರ್ ನದಿಗೆ ವೆಟ್‌ಸೂಟೋ, ಡ್ರೈಸೂಟೋ?

ದಾವಣಗೆರೆಯಿಂದ ಗೆಳೆಯರೊಡನೆ ಆಗಸ್ಟ್‌ನಲ್ಲಿ ಲಡಾಖ್‌ಗೆ ಹೊರಟಿರುವ ತಾವು, ಝಂಸ್ಕಾರ್ ನದಿಯ ರಾಫ್ಟಿಂಗ್‌ಗೆ ಡ್ರೈಸೂಟ್ (ಒಳಗೆ ನೀರು ಬಿಡದ ಮೈಮುಚ್ಚುವ ಉಡುಪು) ಕೊಳ್ಳಬೇಕೇ ಎಂದು ಕೇಳಿದ್ದೀರಿ. ಸೂಳೆಕೆರೆಯಲ್ಲಿ ಈಜಿದ ರೂಢಿ ಅಲ್ಲಿನ ಚಳಿಗೆ ಲೆಕ್ಕಕ್ಕೆ ಬಾರದು. ಹಿಮನದಿಗಳು ಕರಗಿ ಬರುವ ಆ ನೀರು ಬಿಸಿಲು ಸುಡುವಾಗಲೂ ಕೊರೆಯುತ್ತಿರುತ್ತದೆ.

ಮೈಗೆ ಅಂಟಿ ಕೂರುವ ರಬ್ಬರಿನ ಉಡುಪಾದ ವೆಟ್‌ಸೂಟ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಸೇರಿದ ತೆಳುವಾದ ನೀರಿನ ಪದರವನ್ನು ಮೈ ಬಿಸಿಮಾಡುತ್ತದೆ, ಗಾಳಿಗುಳ್ಳೆಗಳಿರುವ ನಿಯೋಪ್ರೀನ್ ಎಂಬ ಕೃತಕ ರಬ್ಬರ್ ಆ ಬಿಸಿಯನ್ನು ಕಾಯ್ದುಕೊಳ್ಳುತ್ತದೆ. ಆದ್ದರಿಂದ ಅಳತೆಯೇ ಮುಖ್ಯ: ಸೊಂಟದ ಹಿಂದೆ ಸಡಿಲವಾಗಿದ್ದರೆ ಪ್ರತಿ ಅಲುಗಾಟಕ್ಕೂ ತಣ್ಣೀರು ನುಗ್ಗಿ, 5 ಮಿ.ಮೀ. ದಪ್ಪದ ಸೂಟ್ ಕೂಡ ವ್ಯರ್ಥವಾಗುತ್ತದೆ.

ಡ್ರೈಸೂಟ್‌ನಲ್ಲಿ ಕತ್ತು ಮತ್ತು ಮಣಿಕಟ್ಟಿನ ಬಿಗಿ ಪಟ್ಟಿಗಳು ನೀರನ್ನು ಹೊರಗೇ ನಿಲ್ಲಿಸುತ್ತವೆ. ಆದರೆ ತೆಳು ಬಟ್ಟೆಯ ಸೂಟ್ ತಾನಾಗಿ ಬೆಚ್ಚಗಿಡದು, ಒಳಗೆ ಉಣ್ಣೆಯದೋ ಫ್ಲೀಸ್‌ನದೋ ಉಡುಪು ಬೇಕು. ಧರಿಸಿದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಕತ್ತಿನ ಪಟ್ಟಿಯನ್ನು ಬೆರಳಿನಿಂದ ಬಿಡಿಸಿ ಒಳಗಿನ ಗಾಳಿಯನ್ನು ಹೊರಹಾಕದಿದ್ದರೆ, ನೀರಿಗೆ ಬಿದ್ದಾಗ ಅದು ಕಾಲಿನತ್ತ ಸರಿದು ಈಜಲು ತೊಡಕಾಗುತ್ತದೆ. ಜಿಪ್ ಹಾಳಾದರಂತೂ ದುರಸ್ತಿಯ ಖರ್ಚು ಸಣ್ಣದಲ್ಲ.

ಚಿಲ್ಲಿಂಗ್ ಎಂಬ ಹಳ್ಳಿಯಿಂದ ನಿಮ್ಮು ಎಂಬ ಊರಿನವರೆಗಿನ ಒಂದು ದಿನದ ಪ್ರಯಾಣವಾದರೆ, ಹೆಚ್ಚು ಹೊತ್ತು ದೋಣಿಯಲ್ಲೇ ಇರುವುದರಿಂದ, ಬಾಡಿಗೆಯ ದಪ್ಪ ವೆಟ್‌ಸೂಟ್, ಅದರ ಮೇಲೊಂದು ಜಾಕೆಟ್ ಮತ್ತು ನಿಯೋಪ್ರೀನ್ ಬೂಟು ಸಾಕೆಂಬುದು ನನ್ನ ಅಭಿಪ್ರಾಯ. ಸ್ವತಃ ಕಯಾಕ್ (ಹುಟ್ಟು ಹಾಕುವ ಕಿರಿದಾದ ದೋಣಿ) ನಡೆಸುವುದಾದರೆ ಅಥವಾ ಹಲವು ದಿನ ನದಿಯಲ್ಲೇ ಕಳೆಯುವುದಾದರೆ ಮಾತ್ರ ಡ್ರೈಸೂಟ್‌ಗೆ ಹಣ ಹಾಕಿ. ಯಾವುದಿದ್ದರೂ ಅದರ ಮೇಲೆ ಲೈಫ್ ಜಾಕೆಟ್ ಹಿಡಿತವಾಗಿ ಕೂರುತ್ತದೆಯೇ ಎಂದು ದಡದಲ್ಲೇ ನೋಡಿಕೊಳ್ಳಿ.