ಅಕ್ಷರ ಕೆಟ್ಟಿದ್ದು ಸೋಮಾರಿತನಕ್ಕಾ, ಲಿವರ್‌ಗಾ?

ಪ್ರಶ್ನೆ: ಮೇಡಂ ನಮಸ್ಕಾರ, ಮದ್ದೂರು ಹತ್ರದ ಹಳ್ಳಿ ನಮ್ದು, ದಯವಿಟ್ಟು ಹೆಸ್ರು ಹಾಕ್ಬೇಡಿ. ಮಗಳಿಗೆ 11 ವರ್ಷ. ಎರಡು ವರ್ಷದ ಹಿಂದೆ ಕಾಮಾಲೆ ಆಗಿತ್ತು, ಊರಲ್ಲೇ ಸೊಪ್ಪಿನ ಔಷ್ದಿ ಕುಡ್ಸಿದ್ವಿ, ಕಣ್ಣಿನ ಹಳದಿ ಹೋಯ್ತು ಆದ್ರೆ ಹೊಟ್ಟೆ ಊದ್ಕೊಂತು. ಸ್ಕ್ಯಾನ್ ಮಾಡ್ಸಿದ್ರೆ ಲಿವರ್ ಗಟ್ಟಿಯಾಗೈತೆ, ಗುಲ್ಮ ದೊಡ್ಡದಾಗೈತೆ ಅಂದ್ರು. ಹೆಪಟೈಟಿಸ್ ಬಿ, ಸಿ ಎರಡೂ ಇಲ್ವಂತೆ, ಮತ್ಯಾಕೆ ಬಂತು ಅಂದ್ರೆ ಯಾರೂ ಸರಿಯಾಗಿ ಹೇಳ್ಲಿಲ್ಲ, ಮಾತ್ರೆ ಟಾನಿಕ್ ನಡೀತಾನೇ ಐತೆ. ಈಗ ಆರು ತಿಂಗಳಿಂದ ಹೊಸದು ಶುರುವಾಗೈತೆ. ಮುತ್ತು ಪೋಣಿಸ್ದಂಗೆ ಬರೀತಿದ್ದೋಳು ಈಗ ಬರೆದಿದ್ದು ಅವಳಿಗೇ ಓದಕ್ಕಾಗಲ್ಲ, ಮಾತು ತೊದಲತ್ತೆ, ಬೆಳಗ್ಗೆ ಎದ್ರೆ ದಿಂಬೆಲ್ಲ ಜೊಲ್ಲು, ಸುಮ್ಸುಮ್ನೆ ಅಳ್ತಾಳೆ, ತಮ್ಮನ ಮೇಲೆ ರೇಗಾಡ್ತಾಳೆ, ಆವಾಗಾವಾಗ ಮೂಗಲ್ಲಿ ರಕ್ತ. ಮೇಷ್ಟ್ರು ಸೋಮಾರಿತನ ಅಂತಾರೆ. ಲಿವರ್ ನೋಡೋ ಡಾಕ್ಟ್ರನ್ನ ಕೇಳಿದ್ರೆ ಇದು ಲಿವರ್‌ದಲ್ಲ ಅಂದ್ರು. ಮನೇಲಿ ದೃಷ್ಟಿ ಅಂತ ಮಾದಪ್ಪನ ಬೆಟ್ಟಕ್ಕೆ ಹರಕೆ ಕಟ್ಟವ್ರೆ. ನಾನು ಸೋದರಮಾವನ್ನೇ ಮದ್ವೆ ಆಗಿರೋದು, ಅತ್ತೆನೇ ನಮ್ಮಜ್ಜಿ. ಅವ್ರು ಮಗೀಗೆ ಒಳ್ಳೇದಾಗ್ಲಿ ಅಂತ ದಿನಾ ರಾತ್ರಿ ತಾಮ್ರದ ಚೊಂಬಲ್ಲಿ ನೀರಿಟ್ಟು ಬೆಳಗ್ಗೆ ಕುಡಿಸ್ತಾರೆ, ರಕ್ತ ಆಗ್ಲಿ ಅಂತ ವಾರಕ್ಕೊಂದ್ಸಲ ಕುರಿ ಈಲಿ ಹುರ್ದು ಕೊಡ್ತಾರೆ. ಯಾರ ಹತ್ರ ಹೋಗ್ಲಿ, ಏನು ಕೇಳ್ಲಿ?

ಉತ್ತರ: ನೋಡಮ್ಮ, ಮೊದ್ಲು ಎರಡು ಕೆಲಸ ಇವತ್ತೇ ಮಾಡಿ. ಆ ಚೊಂಬಿನ ನೀರು ನಿಲ್ಸಿ, ಈಲಿ ನಿಲ್ಸಿ. ಅಜ್ಜಿಗೆ ಬೇಜಾರಾಗೋ ಥರ ಹೇಳ್ಬೇಡಿ, ಪ್ರೀತಿಯಿಂದ್ಲೇ ಮಾಡಿದಾರೆ ಪಾಪ, ಬೇರೆ ಮಕ್ಕಳಿಗಾಗಿದ್ರೆ ಏನೂ ಆಗ್ತಿರ್ಲಿಲ್ಲ. ಆದ್ರೆ ನಿಮ್ಮ ಕಾಗದ ಓದ್ತಾ ನಂಗೆ ಮೊದ್ಲು ತಲೇಲಿ ಬಂದಿದ್ದೇ ತಾಮ್ರ.

ವಿಲ್ಸನ್ ಕಾಯಿಲೆ ಅಂತ ಒಂದಿದೆ. ನಾವು ತಿನ್ನೋದ್ರಲ್ಲಿ ಚೂರು ತಾಮ್ರ ಇದ್ದೇ ಇರತ್ತೆ, ಹೆಚ್ಚಾಗಿದ್ದನ್ನ ಲಿವರ್ ಪಿತ್ತದ ಜೊತೆ ಹೊರಗೆ ಹಾಕತ್ತೆ. ಕೆಲವು ಮಕ್ಕಳಿಗೆ ಎಟಿಪಿ7ಬಿ ಅನ್ನೋ ಜೀನ್ ಹುಟ್ಟಿದಾಗ್ಲಿಂದ ಕೆಟ್ಟಿರೋದ್ರಿಂದ ಅದು ಹೊರಗೆ ಹೋಗಲ್ಲ, ವರ್ಷಗಟ್ಲೆ ಲಿವರ್‌ನಲ್ಲೇ ತುಂಬ್ಕೊಂಡು ಅದನ್ನ ಗಟ್ಟಿ ಮಾಡಿ, ಅಲ್ಲಿ ಜಾಗ ಸಾಲ್ದೆ ರಕ್ತಕ್ಕೆ ಸೇರಿ ಮೆದುಳಿಗೂ ಕಣ್ಣಿಗೂ ಹೋಗಿ ಕೂರತ್ತೆ. ಮೆದುಳಿಗೆ ಹೋದ್ಮೇಲೆ ಏನಾಗತ್ತೆ ಗೊತ್ತಾ? ಅಕ್ಷರ ಕೆಡತ್ತೆ, ಮಾತು ತೊದಲತ್ತೆ, ಜೊಲ್ಲು ಸುರಿಯತ್ತೆ, ಸ್ವಭಾವ ಬದಲಾಗತ್ತೆ. ನೀವು ಬರೆದಿರೋ ಪಟ್ಟಿ ಅದೇ ಅಲ್ವಾ. ಅಪ್ಪ ಅಮ್ಮ ಇಬ್ರಿಂದ್ಲೂ ಕೆಟ್ಟ ಜೀನ್ ಬಂದ್ರೆ ಮಾತ್ರ ಕಾಯಿಲೆ ಬರೋದು, ಸಂಬಂಧದಲ್ಲಿ ಮದ್ವೆ ಆದಾಗ ಆ ಚಾನ್ಸ್ ಜಾಸ್ತಿ. ಹಂಗಂತ ಇದನ್ನ ಹಿಡ್ಕೊಂಡು ಮನೇಲಿ ಯಾರ್ಯಾರನ್ನೋ ಬೈಯ್ಯೋಕೆ ಹೋಗ್ಬೇಡಿ, ಜೀನ್ ಯಾರ ಕೈಲೂ ಇಲ್ಲ.

ಕಾಗದ ನೋಡಿ ಕಾಯಿಲೆ ಇದೇ ಅಂತ ಹೇಳೋಕಾಗಲ್ಲ, ನಾನು ಹೇಳ್ತಾನೂ ಇಲ್ಲ. ಲಿವರ್ ತುಂಬ ಕೆಟ್ಟಿದ್ರೆ ಅದು ತೆಗೀಬೇಕಾದ ಅಮೋನಿಯಾ ಥರದ ವಿಷ ತಲೆಗೇರಿ ಕೂಡ ಹಿಂಗೇ ಅಕ್ಷರ ಕೆಡತ್ತೆ, ಹಗಲೆಲ್ಲ ನಿದ್ದೆ ರಾತ್ರಿ ಎಚ್ಚರ ಆಗತ್ತೆ. ಹೆಣ್ಮಕ್ಕಳಲ್ಲಿ ಆಟೋಇಮ್ಯೂನ್ ಹೆಪಟೈಟಿಸ್ (ಮೈಯ ರಕ್ಷಣಾ ಶಕ್ತಿನೇ ಲಿವರ್ ಮೇಲೆ ತಿರುಗಿ ಬೀಳೋ ಕಾಯಿಲೆ) ಕೂಡ ಹಿಂಗೇ ಕಾಮಾಲೆಯಿಂದ ಶುರುವಾಗ್ಬೋದು, ಅದಕ್ಕೆ ಬೇರೆ ರಕ್ತ ಪರೀಕ್ಷೆ ಇದೆ. ಆದ್ರೆ ಕಾರಣ ಗೊತ್ತಿಲ್ದಿರೋ ಲಿವರ್ ಕಾಯಿಲೆ ಇರೋ ಮಗೀಗೆ ಹೊಸದೇನೇ ಶುರುವಾದ್ರೂ, ಅದು ಲಿವರ್‌ದಲ್ಲ ಅಂತ ಟೆಸ್ಟ್ ಮಾಡಿ ತೋರಿಸೋವರ್ಗೂ ಲಿವರ್‌ದೇ ಅಂತ ಇಟ್ಕೋಬೇಕು. ಬಾಯ್ಮಾತಲ್ಲಿ "ಅಲ್ಲ" ಅಂದ್ರೆ ಸಾಲ್ದು. ಮೂಗಿನ ರಕ್ತಾನೂ ಇದೇ ಲೆಕ್ಕಕ್ಕೇ ಬರೋದು, ಗುಲ್ಮ ದೊಡ್ಡದಾದ್ರೆ ಪ್ಲೇಟ್ಲೆಟ್ ಕಮ್ಮಿ ಆಗತ್ತೆ, ರಕ್ತ ಹೆಪ್ಪುಗಟ್ಟಿಸೋ ಅಂಶಗಳನ್ನ ಲಿವರ್ ಸರಿಯಾಗಿ ತಯಾರು ಮಾಡಲ್ಲ.

ಈಗ ಏನು ಕೇಳ್ಬೇಕು ಅಂದ್ರೆ, ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಅನ್ನೋ, ತಾಮ್ರ ಹೊತ್ಕೊಂಡು ಓಡಾಡೋ ಪ್ರೋಟೀನ್ ಎಷ್ಟಿದೆ ನೋಡ್ಸಿ ಅನ್ನಿ. ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತಕ್ಕೆ 20 ಮಿಲಿಗ್ರಾಂಗಿಂತ ಕಮ್ಮಿ ಬಂದ್ರೆ ಅನುಮಾನ, ಆದ್ರೆ ಮೈಯಲ್ಲಿ ಉರಿಯೂತ ಇದ್ದಾಗ ಅದು ನಾರ್ಮಲ್ ಥರಾನೂ ಕಾಣ್ಬೋದು, ಅದೊಂದನ್ನೇ ನಂಬಿ ಕೂರೋ ಹಂಗಿಲ್ಲ. ಕಣ್ಣಿನ ಡಾಕ್ಟ್ರ ಹತ್ರ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡ್ಸಿ, ಕರಿಗುಡ್ಡೆ ಸುತ್ತ ಕಂದು ಬಣ್ಣದ ಉಂಗುರ ಇದ್ಯಾ ಅಂತ. ತಾಮ್ರ ಮೆದುಳಿಗೆ ಹೋಗಿದ್ರೆ ಹೆಚ್ಚೂಕಮ್ಮಿ ಎಲ್ರಲ್ಲೂ ಆ ಉಂಗುರ ಇರತ್ತೆ, ಬರೀ ಲಿವರ್‌ನಲ್ಲೇ ಇದ್ರೆ ಎಷ್ಟೋ ಮಕ್ಕಳಲ್ಲಿ ಕಾಣಲ್ಲ. ಇನ್ನೊಂದು 24 ಗಂಟೆ ಮೂತ್ರದಲ್ಲಿ ತಾಮ್ರ ಎಷ್ಟಿದೆ ಅನ್ನೋ ಟೆಸ್ಟು, ಇದು ಮನೇಲಿ ಹಾಳಾಗೋದೇ ಜಾಸ್ತಿ. ಬೆಳಗ್ಗೆ ಎದ್ದ ತಕ್ಷಣದ ಮೊದಲನೇ ಮೂತ್ರ ಚೆಲ್ಬಿಟ್ಟು ಟೈಮ್ ಬರೆದಿಟ್ಕೊಂಡು, ಅಲ್ಲಿಂದ ಮಾರನೇ ದಿನ ಅದೇ ಟೈಮಿಗೆ ಬರೋ ಮೂತ್ರ ಸೇರಿ ಎಲ್ಲಾನೂ ಲ್ಯಾಬ್‌ನೋರು ಕೊಟ್ಟ ಕ್ಯಾನ್‌ಗೇ ಹಾಕ್ಬೇಕು, ಮನೇ ಲೋಟ ತಂಬಿಗೆ ಯಾವ್ದೂ ಮುಟ್ಟಿಸ್ಬೇಡಿ. ಮಧ್ಯೆ ಒಂದು ಸಲ ಸ್ಕೂಲಲ್ಲಿ ಮಾಡ್ಬಿಟ್ರೂ ಲೆಕ್ಕ ತಪ್ಪತ್ತೆ, ಅದಕ್ಕೆ ಭಾನುವಾರ ಇಟ್ಕೊಳ್ಳಿ.

ಹೋಗುವಾಗ ಹಳೇ ರಿಪೋರ್ಟ್ ಜೊತೆ ಹೋದ ವರ್ಷದ ನೋಟ್‌ಬುಕ್ಕು ಈ ವರ್ಷದ್ದು ಎರಡೂ ತಗೊಂಡು ಹೋಗಿ ಡಾಕ್ಟ್ರ ಟೇಬಲ್ ಮೇಲೆ ಪಕ್ಕಪಕ್ಕ ಇಡಿ. ನಿಜವಾಗ್ಲೂ ಹೇಳ್ತಿದೀನಿ, ನೀವು ಅರ್ಧ ಗಂಟೆ ಹೇಳೋದನ್ನ ಆ ಎರಡು ಪುಸ್ತಕ ಅರ್ಧ ನಿಮಿಷದಲ್ಲಿ ಹೇಳ್ತವೆ. ಅವಳು ಮಾತಾಡೋದು, ಎರಡೂ ಕೈ ಮುಂದೆ ಚಾಚಿ ನಿಂತಿರೋದು ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ. ಅದೇ ಪುಸ್ತಕಾನ ಮೇಷ್ಟ್ರಿಗೂ ತೋರಿಸಿ, ಸೋಮಾರಿಯಾದ ಮಗು ಕಮ್ಮಿ ಬರೀಬೋದು, ಇಷ್ಟು ದಿನ ಚೆನ್ನಾಗಿದ್ದ ಅಕ್ಷರ ಹಿಂಗೆ ಕೆಡಲ್ಲ ಸಾರ್ ಅನ್ನಿ. ಆ ಮಗು ಕೈ ಮಾತು ಕೇಳ್ತಿಲ್ಲ ಅಂತ ಒಳಗೊಳಗೇ ಎಷ್ಟು ಹೆದರಿರ್ಬೇಕು, ಅದ್ರ ಮೇಲೆ ಬೈಗುಳ ಬೇರೆ.

ಎಲ್ಲಿಗೆ ಅಂದ್ರೆ, ಮಂಡ್ಯ ಮಿಮ್ಸ್‌ನಲ್ಲೋ ಮೈಸೂರಿನ ಚೆಲುವಾಂಬದಲ್ಲೋ ಮಕ್ಕಳ ವಿಭಾಗಕ್ಕೆ ತೋರಿಸಿ ರೆಫರೆನ್ಸ್ ಬರೆಸ್ಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಲ್ಸನ್ ಕಾಯಿಲೆಯೋರನ್ನ ದಶಕಗಳಿಂದ ನೋಡ್ತಾ ಬಂದಿದಾರೆ, ನಿಮಗೆ ಮದ್ದೂರಿಂದ ರೈಲೂ ಇದೆ. ಬಿಪಿಎಲ್ ಕಾರ್ಡ್ ಮರೀಬೇಡಿ, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರ್ಗೂ ಇದೆ. ಹರಕೆ ತೀರ್ಸಿ ಬೇಡ ಅನ್ನಲ್ಲ, ಆದ್ರೆ ಬೆಟ್ಟ ಆಮೇಲೆ, ಆಸ್ಪತ್ರೆ ಈ ವಾರ.

ವಿಲ್ಸನ್ ಅಂತಾನೇ ಆದ್ರೆ ಔಷಧಿ ಇದೆ, ಪೆನಿಸಿಲಮಿನ್, ಟ್ರೈಯೆಂಟಿನ್, ಜಿಂಕ್ ಅಂತ, ಜೀವನ ಪೂರ್ತಿ ತಗೋಬೇಕು. ಪೆನಿಸಿಲಮಿನ್ ಖಾಲಿ ಹೊಟ್ಟೇಲಿ ಕೊಡೋದು. ಶುರುವಿನಲ್ಲಿ ಕೆಲವ್ರಿಗೆ ನಡುಕ ತೊದಲು ಜಾಸ್ತಿ ಆಗ್ಬೋದು, ಆಗ ಓಡೋಡಿ ಡಾಕ್ಟ್ರಿಗೆ ಹೇಳಿ, ನೀವಾಗಿ ನಿಲ್ಸೋದಲ್ಲ. ಚೆನ್ನಾಗಿದಾಳಲ್ಲ ಅಂತ ವರ್ಷಗಳಾದ್ಮೇಲೆ ನಿಲ್ಸಿದ್ರೂ ಲಿವರ್ ದಿಢೀರ್ ಕೈಕೊಡತ್ತೆ. ಮತ್ತೆ ತಮ್ಮ. ಅವನು ಕುಣ್ಕೊಂಡು ಆಡ್ಕೊಂಡಿದ್ರೂ ಟೆಸ್ಟ್ ಮಾಡ್ಸಲೇಬೇಕು, ಅಕ್ಕಂಗೆ ಇದೇ ಇದ್ರೆ ಅವನಿಗೂ ಇರೋ ಸಾಧ್ಯತೆ ನಾಲ್ಕರಲ್ಲಿ ಒಂದು, ಮೊದ್ಲೇ ಹಿಡಿದ್ರೆ ಮಾತ್ರೆಯಲ್ಲೇ ಕಾಯಿಲೆ ಬರ್ದಂಗೆ ತಡೀಬೋದು.

ಊಟಕ್ಕೆ ಪಥ್ಯ ಅಂತ ಸಪ್ಪೆ ಗಂಜಿ ಹಾಕಿ ಕೂರಿಸ್ಬೇಡಿ. ಲಿವರ್ ಕಾಯಿಲೆ ಇರೋ ಮಗೀಗೆ ಬೇರೆ ಮಕ್ಕಳಿಗಿಂತ ಜಾಸ್ತಿ ಶಕ್ತಿ ಬೇಕು, ಮುದ್ದೆ, ಅನ್ನ, ಬೇಳೆ ಸಾರು, ಮೊಟ್ಟೆ, ಮೊಸರು ಎಲ್ಲ ಕೊಡಿ. ಟೆಸ್ಟ್ ಮುಗಿಯೋವರ್ಗೂ ಚಾಕಲೇಟು, ಗೋಡಂಬಿ, ಅಣಬೆ ಬೇಡ. ಸೊಪ್ಪಿನ ರಸ ಮತ್ತೆ ಬೇಡ. ಮಲ ಕಟ್ಕೊಳ್ದಂಗೆ ನೋಡ್ಕೊಳ್ಳಿ. ರಕ್ತ ವಾಂತಿ ಆದ್ರೆ, ಮಲ ಟಾರಿನಂಗೆ ಕಪ್ಪಗೆ ಹೋದ್ರೆ, ಎಬ್ಬಿಸಿದ್ರೂ ಮಂಕಾಗಿದ್ರೆ, ಹೊಟ್ಟೆ ಊದಿ ಜ್ವರ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮೈಸೂರು ಕುವೆಂಪುನಗರದಿಂದ ಬರೀತಿದೀನಿ. ಮಗನಿಗೆ ನಾಲ್ಕು ವರ್ಷ, ಹುಟ್ಟಿದ ಎರಡನೇ ತಿಂಗಳಿಗೆ ಪಿತ್ತನಾಳ ಇಲ್ಲ ಅಂತ, ಲಿವರ್‌ನ ಕರುಳಿಗೆ ಜೋಡಿಸಿ ಪಿತ್ತ ಹರಿಯೋ ದಾರಿ ಮಾಡೋ ಕಸಾಯ್ ಆಪರೇಷನ್ ಆಗಿದೆ. ಈಗ ರಾತ್ರಿಯಿಡೀ ಕೆರ್ಕೊಳ್ತಾನೆ, ಚರ್ಮದ ಡಾಕ್ಟ್ರು ಅಲರ್ಜಿ ಅಂದ್ರು, ಮುಲಾಮು ಹಚ್ಚಿದ್ರೂ ಕಮ್ಮಿ ಇಲ್ಲ.

ಉತ್ತರ: ಗುಳ್ಳೆ ದದ್ದು ಏನೂ ಇಲ್ದೆ ಬರೀ ಕೆರೆತ ಅಂದ್ರೆ ಪಿತ್ತ ಸರಿಯಾಗಿ ಹರೀತಿಲ್ಲ ಅಂತ ಅನುಮಾನ ಪಡ್ಬೇಕು, ಮುಲಾಮು ಅಲ್ಲಿಗೆ ಮುಟ್ಟಲ್ಲ ಸಾರ್. ಅಲರ್ಜಿ ಸಿರಪ್ ನಿದ್ದೆ ಬರಿಸತ್ತೆ ಅಷ್ಟೇ. ಕೊಲೆಸ್ಟೈರಮಿನ್ ಪುಡಿ, ರಿಫಾಂಪಿಸಿನ್ ಇವೆಲ್ಲ ಇದಕ್ಕೇ ಅಂತ ಕೊಡ್ತಾರೆ, ಆಪರೇಷನ್ ಆದ ಕಡೆಯ ಲಿವರ್ ಡಾಕ್ಟ್ರನ್ನೇ ಕೇಳಿ. ಆ ಪುಡಿ ಕೊಟ್ರೆ ಬೇರೆ ಔಷಧಿ ಅದರ ಜೊತೇಲೇ ಕೊಡ್ಬಾರ್ದು, ಎಷ್ಟು ಗಂಟೆ ಬಿಡ್ಬೇಕು ಅಂತ ಬರೆಸ್ಕೊಳ್ಳಿ. ಎ, ಡಿ, ಇ, ಕೆ ವಿಟಮಿನ್ ಮಟ್ಟಾನೂ ನೋಡ್ಸಿ, ಪಿತ್ತ ಇಲ್ದೆ ಇವು ಮೈಗೆ ಹತ್ತಲ್ಲ. ಉಗುರು ಕತ್ರಿಸಿ, ರಾತ್ರಿ ಕೈಗೆ ಕಾಟನ್ ಸಾಕ್ಸ್ ಹಾಕಿ, ಬಿಸಿ ನೀರಿನ ಸ್ನಾನ ಬಿಟ್ಟು ಉಗುರು ಬೆಚ್ಚಗಿನ ನೀರು ಸಾಕು. ಜ್ವರದ ಜೊತೆ ಕಣ್ಣು ಹಳದಿ ಆದ್ರೆ ಅಥವಾ ಮಲ ಸುಣ್ಣದ ಬಣ್ಣಕ್ಕೆ ತಿರುಗಿದ್ರೆ ಪಿತ್ತನಾಳದ ಸೋಂಕು ಇರ್ಬೋದು, ಪ್ಯಾರಸಿಟಮಾಲ್ ಕೊಟ್ಟು ಮನೇಲಿ ನೋಡೋಣ ಅನ್ಬೇಡಿ, ಅದೇ ದಿನ ಅಡ್ಮಿಟ್ ಮಾಡಿ ಆ್ಯಂಟಿಬಯೋಟಿಕ್ ಶುರು ಮಾಡ್ಬೇಕು.